ಹೆಂಡತಿಯ ಜೊತೆ ತಂಗಿ ಬರುವುದು

ರಾಷ್ಟ್ರೀಯ ಉದ್ಯಾನದೊಳಗೆ ಇರಲು ಕರಡಿಗೆ ಅರ್ಜಿ ಬೇಕಿಲ್ಲ. ಮನುಷ್ಯನಿಗೆ ಬೇಕು. ಅದೂ ಮೂರು ಪ್ರತಿಗಳಲ್ಲಿ, ಸ್ಪಷ್ಟ ಕೈಬರಹದಲ್ಲಿ, ಕೊಟ್ಟ ಜಾಗ ಮೀರದಂತೆ. ಈ ಅನ್ಯಾಯ ಎಲ್ಲರಿಗೂ ಸಮನಾಗಿಯೇ ಹಂಚಿಕೆಯಾಗಿದೆ. ಆದರೂ ಕತ್ತರಿರಾಯರ ಪಾಲಿಗೆ ಸ್ವಲ್ಪ ಹೆಚ್ಚು ಬಂದಿದ್ದರೆ ಅದಕ್ಕೆ ಕಾರಣ ಕಾಡೂ ಅಲ್ಲ, ಕರಡಿಯೂ ಅಲ್ಲ. ಅವರ ಜೇಬಿನಲ್ಲಿದ್ದ ಕೆಂಪು ಪೆನ್ನು.

ಅವರ ನಿಜವಾದ ಹೆಸರು ಅಚ್ಚುಕೂಟದಲ್ಲಿ ಯಾರಿಗೂ ನೆನಪಿಲ್ಲ. ಇಪ್ಪತ್ತಾರು ವರ್ಷಗಳಿಂದ ಅವರದು ಒಂದೇ ಕೆಲಸ: ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕುವುದು. (ಸಂಬಳವಿಲ್ಲದೆ ಈ ಕೆಲಸ ಮಾಡುವವರು ಪ್ರತಿ ಬೀದಿಯಲ್ಲೂ ಇದ್ದಾರೆ. ಸಂಬಳ ಪಡೆದು ಮಾಡಿದರೆ ಅದಕ್ಕೆ ಕರಡು ತಿದ್ದುವುದು ಎನ್ನುತ್ತಾರೆ.) ತಪ್ಪಿಗಿಂತ ಅವರಿಗೆ ಹೆಚ್ಚು ಸಿಟ್ಟು ಬರುತ್ತಿದ್ದುದು ಹೆಚ್ಚುವರಿ ಪದಗಳ ಮೇಲೆ. ಸಾವಿನ ಜಾಹೀರಾತೊಂದರಲ್ಲಿ ‘ನಿಧನರಾಗಿ ನಮ್ಮನ್ನೆಲ್ಲ ಅಗಲಿ ಇಹಲೋಕ ತ್ಯಜಿಸಿದರು’ ಎಂದಿದ್ದುದನ್ನು ಕಂಡು, ‘ಒಂದು ಸಲ ಸತ್ತರೆ ಸಾಕು’ ಎಂದು ಅಂಚಿನಲ್ಲಿ ಬರೆದು ಎರಡು ಸಾವುಗಳನ್ನು ಹೊಡೆದುಹಾಕಿದ್ದರು. ಅಂದಿನಿಂದ ಅವರು ಕತ್ತರಿರಾಯರು.

ಒಂದು ದಿನ ಅವರ ಮೇಜಿಗೆ ಮತದಾರರ ಕರಡು ಪಟ್ಟಿ ಬಂತು. ಅಚ್ಚು ಜೋಡಿಸಿದವನು ಅದನ್ನು ‘ಮತದಾರರ ಕರಡಿ ಪಟ್ಟಿ’ ಮಾಡಿದ್ದ. ರಾಯರು ಮೊದಲು ನಕ್ಕರು. ಆಮೇಲೆ ಅವರಿಗೆ ಅಳು ಬಂದಂತಾಯಿತು. ಇಪ್ಪತ್ತಾರು ವರ್ಷ ಕರಡು ನೋಡಿದ್ದಾಯಿತು. ಒಂದು ಕರಡಿ ನೋಡಿದ್ದುಂಟೆ?

ಸಂಜೆ ಮನೆಗೆ ಬಂದವರೇ ಘೋಷಿಸಿದರು: “ಲೇ, ರಾಷ್ಟ್ರೀಯ ಉದ್ಯಾನಕ್ಕೆ ಹೋಗೋಣ. ಒಂದು ರಾತ್ರಿ ಅಲ್ಲೇ ತಂಗೋಣ. ಬೆಳಿಗ್ಗೆ ಎದ್ದು ಕರಡಿ ನೋಡೋಣ.”

ಹೆಂಡತಿ ಅವರ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು. ತಲೆ ಎತ್ತಲಿಲ್ಲ. “ಕರಡಿ ನೀವು ನೋಡ್ಕೊಳ್ಳಿ. ಅಲ್ಲಿ ಹಾಸಿಗೆ ಯಾರು ಹಾಸ್ತಾರೆ?”

“ಅದಕ್ಕೆ ಜನ ಇರ್ತಾರೆ.”

“ಬೆಡ್‌ಶೀಟು ಒಗೆಯೋರು?”

“ಅದಕ್ಕೂ ಇರ್ತಾರೆ.”

ಹೆಂಡತಿ ಇಸ್ತ್ರಿಪೆಟ್ಟಿಗೆ ಕೆಳಗಿಟ್ಟಳು. “ಹಾಗಾದ್ರೆ ಹೋಗೋಣ.”

ಇದರ ಅರ್ಥ ತಿಳಿಯಬೇಕಾದರೆ ಅವಳ ಕೆಲಸ ಗೊತ್ತಿರಬೇಕು. ಅವಳು ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿದ್ದಳು. ಹತ್ತೊಂಬತ್ತು ವರ್ಷಗಳಿಂದ ದಿನಕ್ಕೆ ಮುನ್ನೂರು ಬೆಡ್‌ಶೀಟು. ಬಿಸಿ ಉರುಳೆಯ ಒಂದು ಕಡೆಯಿಂದ ಒದ್ದೆಯಾದದ್ದು ಹೋಗಿ ಇನ್ನೊಂದು ಕಡೆಯಿಂದ ಗರಿಗರಿಯಾಗಿ ಬರುತ್ತಿತ್ತು. ಮಧ್ಯೆ ಅವಳು ನಿಂತಿರುತ್ತಿದ್ದಳು. ಮನೆಗೆ ಬಂದರೆ ಮನೆಯ ಬೆಡ್‌ಶೀಟು. ಈ ಜನ್ಮದಲ್ಲಿ ಅವಳಿಗೆ ಇದ್ದದ್ದು ಒಂದೇ ಆಸೆ: ಇನ್ನೊಬ್ಬರು ಒಗೆದು, ಇನ್ನೊಬ್ಬರು ಇಸ್ತ್ರಿ ಹಾಕಿ, ಇನ್ನೊಬ್ಬರು ಹಾಸಿದ ಹಾಸಿಗೆಯ ಮೇಲೆ ಒಂದು ರಾತ್ರಿ ಮಲಗಬೇಕು. (ಆಸ್ಪತ್ರೆಯಲ್ಲಿ ರೋಗಿಯಾಗಿ ಸೇರಿದರೂ ಆಗುತ್ತಿರಲಿಲ್ಲ. ಅಲ್ಲಿಯೂ ಅವಳೇ ಒಗೆದದ್ದು.)

ಒಳಗಿನ ಕೋಣೆಯಿಂದ ರಾಯರ ತಾಯಿ ಕೂಗಿದರು. ಅವರಿಗೆ ಮಂಡಿ ನೋವು, ಕಿವಿ ಮಂದ. ಆದರೆ ಯಾರಾದರೂ ಎಲ್ಲಿಗಾದರೂ ಹೊರಟರೆ ಮಾತ್ರ ಗೋಡೆಯಾಚೆಯಿಂದಲೂ ಕೇಳಿಸುತ್ತಿತ್ತು. “ನೀವಿಬ್ರೂ ಕಾಡಿಗೆ ಹೋದ್ರೆ ನನ್ನ ಹತ್ರ ಯಾರಿರ್ತಾರೋ?”

“ನಾದಿನಿ ಬಂದಿರ್ತಾಳೆ ಅಮ್ಮಾ!” ಎಂದರು ರಾಯರು. ನಾದಿನಿಯನ್ನು ಕೇಳಿರಲಿಲ್ಲ. ಒಬ್ಬ ಹೆಂಗಸಿಗೆ ರಜೆ ಕೊಡಿಸಬೇಕಾದರೆ ಇನ್ನೊಬ್ಬ ಹೆಂಗಸಿನ ರಜೆ ಕತ್ತರಿಸುವುದು ಗಂಡಸರು ಕಂಡುಹಿಡಿದಿರುವ ಬಹಳ ಹಳೆಯ ಆಡಳಿತ ಕ್ರಮ. ರಾಯರು ಅದರಲ್ಲಿ ಹೊಸ ಪ್ರಯೋಗವನ್ನೇನೂ ಮಾಡಲಿಲ್ಲ.

ನಾದಿನಿ, ಅಂದರೆ ಹೆಂಡತಿಯ ತಂಗಿ, ಎರಡು ಬೀದಿ ಆಚೆ ಇದ್ದಳು. ಬಸ್ ಕಂಡಕ್ಟರ್. ದಿನವಿಡೀ “ಮುಂದೆ ಹೋಗಿ, ಮುಂದೆ ಹೋಗಿ” ಎಂದು ಹೇಳಿ ಗಟ್ಟಿಯಾದ ಗಂಟಲು. “ಭಾವಾ, ಕರಡಿ ನೋಡೋರು ನೀವು, ನಿಮ್ಮಮ್ಮನ ಮಂಡಿಗೆ ಎಣ್ಣೆ ತಿಕ್ಕೋಳು ನಾನಾ?”

“ಒಂದೇ ರಾತ್ರಿ ಕಣೇ.”

“ಅಕ್ಕನಿಗೋಸ್ಕರ ಬರ್ತೀನಿ. ನಿಮಗೋಸ್ಕರ ಬಂದೆ ಅಂತ ಎಲ್ಲೂ ಅಚ್ಚು ಹಾಕಿಸಬೇಡಿ.”

ಇನ್ನು ಉಳಿದದ್ದು ಅರ್ಜಿ. ಉದ್ಯಾನದಲ್ಲಿ ರಾತ್ರಿ ತಂಗಲು ಎಂಟು ಕುಟೀರಗಳಿದ್ದವು. ಅವುಗಳಲ್ಲಿ ಐದು ಗಣ್ಯರಿಗೆ ಮೀಸಲು. (ಗಣ್ಯರೆಂದರೆ ಕಾಡು ಕಡಿಯುವ ಕಾಗದಕ್ಕೆ ಸಹಿ ಹಾಕಿ, ಉಳಿದ ಕಾಡು ನೋಡಲು ಬರುವವರು.) ಮಿಕ್ಕ ಮೂರಕ್ಕೆ ಸಾವಿರಾರು ಜನ ಸಾಮಾನ್ಯರು ಅರ್ಜಿ ಹಾಕಬೇಕು. ಮೂರು ತಿಂಗಳಿಗೊಮ್ಮೆ ಚೀಟಿ ಎತ್ತುತ್ತಾರೆ.

ಮೊದಲನೆಯ ಅರ್ಜಿಯಲ್ಲಿ ‘ಭೇಟಿಯ ವಿವರ’ ಎಂಬ ಕಾಲಂ ಇತ್ತು. ಯಾರು, ಎಷ್ಟು ದಿನ ಎಂಬುದನ್ನು ಒಂದೇ ಸಾಲಿನಲ್ಲಿ ಬರೆಯಬೇಕು. ರಾಯರು ಪ್ರಾಮಾಣಿಕರು. ಎರಡು ಹಾಳೆ ಹೆಚ್ಚುವರಿಯಾಗಿ ಲಗತ್ತಿಸಿ, ಹೋಗುವ ಉದ್ದೇಶ, ಕರಡಿಯ ಬಗ್ಗೆ ತಮ್ಮ ಭಾವನೆ, ಎಲ್ಲ ಬರೆದರು. ‘ವಿವರ ಅತಿಯಾಗಿದೆ, ತಿರಸ್ಕೃತ’ ಎಂದು ವಾಪಸು ಬಂತು. ಜೀವಮಾನವೆಲ್ಲ ಬೇರೆಯವರಿಗೆ ಹೇಳುತ್ತಿದ್ದುದನ್ನು ಒಬ್ಬ ಗುಮಾಸ್ತ ತಮಗೇ ಹೇಳಿದನಲ್ಲ ಎಂದು ರಾಯರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಎರಡನೆಯ ಸಲ ವಿವರ ಚಿಕ್ಕದಾಗಿಯೇ ಬರೆದರು. ಆದರೆ ಅರ್ಜಿ ನಮೂನೆಯಲ್ಲೇ ಹನ್ನೊಂದು ಕಾಗುಣಿತದ ತಪ್ಪುಗಳಿದ್ದವು. ಕೈ ತಡೆಯಲಿಲ್ಲ. ಎಲ್ಲವನ್ನೂ ಕೆಂಪಿನಲ್ಲಿ ತಿದ್ದಿ ಕಳಿಸಿದರು. ‘ನಮೂನೆಯನ್ನು ವಿರುಪಗೊಳಿಸಲಾಗಿದೆ, ತಿರಸ್ಕೃತ.’ ಆ ‘ವಿರೂಪ’ದಲ್ಲೂ ಒಂದು ತಪ್ಪಿತ್ತು.

“ರೀ, ಇದೇ ಕೊನೆ ಸಲ,” ಎಂದಳು ಹೆಂಡತಿ. “ಮೇಲ್ವಿಚಾರಕಿ ಎರಡೇ ದಿನ ರಜೆ ಕೊಟ್ಟಿದ್ದಾರೆ. ವರ್ಷ ಮುಗಿದ್ರೆ ಅದೂ ಹೋಯ್ತು. ನಿಮ್ಮ ಪಾಂಡಿತ್ಯ ಪಕ್ಕಕ್ಕಿಟ್ಟು ನಾಲ್ಕು ಪದ ಬರೀರಿ.”

ರಾಯರು ಮೂರನೆಯ ಅರ್ಜಿ ಹಿಡಿದು ಊಟದ ಮೇಜಿನ ಮುಂದೆ ಕುಳಿತರು. ಮೊದಲು ಹೀಗೆ ಬರೆದರು: ‘ನಾನು ನನ್ನ ಹೆಂಡತಿಯ ಜೊತೆ ಅಲ್ಲಿಗೆ ಬಂದು ಒಂದು ರಾತ್ರಿ ತಂಗಿ ಮರುದಿನ ಬೆಳಿಗ್ಗೆ ವಾಪಸು ಬರುತ್ತೇನೆ.’

ನಂತರ ಕೆಂಪು ಪೆನ್ನು ಹೊರಬಂತು.

“ಮರುದಿನ ಬೆಳಿಗ್ಗೆ. ರಾತ್ರಿ ಆದ ಮೇಲೆ ಇನ್ನೇನು ಆಗತ್ತೆ? ಹೊಡಿ. ಅಲ್ಲಿಗೆ ಬಂದು. ಬರದೆ ತಂಗೋದು ಹೇಗೆ? ಹೊಡಿ. ನನ್ನ ಹೆಂಡತಿ. ಮತ್ತೆ ಯಾರ ಹೆಂಡತಿಯನ್ನ ಕರ್ಕೊಂಡು ಹೋಗ್ತೀನಿ? ‘ನನ್ನ’ ಹೊಡಿ. ಬರುತ್ತೇನೆ ಅನ್ನೋದು ಗೋಗರೆದ ಹಾಗಿದೆ. ‘ಬರುವುದು’ ಅಂದ್ರೆ ಒಂದು ಗಾಂಭೀರ್ಯ. ‘ವಾಪಸು’ ಹೊಡಿ, ‘ಒಂದು ರಾತ್ರಿ’ ಕೊನೆಗೆ ಹೋಗಲಿ. ಇನ್ನು ಈ ‘ನಾನು’. ಅರ್ಜಿ ಹಾಕಿದವನು ನಾನೇ ತಾನೆ? ಹೊಡಿ.”

ಉಳಿದದ್ದು: ‘ಹೆಂಡತಿಯ ಜೊತೆ ತಂಗಿ ಬರುವುದು. ಒಂದು ರಾತ್ರಿ.’

ಹೆಂಡತಿ ಭುಜದ ಮೇಲಿಂದ ಬಗ್ಗಿ ಓದಿದಳು. ಇನ್ನೊಮ್ಮೆ ಓದಿದಳು. “ಇದರಲ್ಲಿ ನೀವೆಲ್ಲಿ ಹೋದ್ರಿ?”

“ನಾನು ಅಂತರ್ಗತ.”

“ಅಂದ್ರೆ?”

“ಒಳಗೇ ಇದ್ದೀನಿ ಅಂತ. ಕಾಣಲ್ಲ, ಆದರೆ ಇರ್ತೀನಿ.”

“ಒಂದು ‘ನಾನು’ ಇರಲಿ ರೀ. ಜಾಗ ಇದೆಯಲ್ಲ.”

“ಇಪ್ಪತ್ತಾರು ವರ್ಷದ ಅನುಭವ ನಂದಾ ನಿಂದಾ?”

ಹೆಂಡತಿ ಮತ್ತೆ ಆ ಸಾಲನ್ನು ನೋಡಿದಳು. ಏನೋ ಹೇಳಲು ಬಾಯಿ ತೆರೆದವಳು ಮುಚ್ಚಿಕೊಂಡಳು. “ನಿಮ್ಮದೇ,” ಎಂದಳು. ಅಂಚೆಗೆ ತಾನೇ ಹಾಕಿ ಬಂದಳು.

ಚೀಟಿ ಎತ್ತುವ ಮೊದಲೇ ರಾಯರ ಸಿದ್ಧತೆ ಶುರುವಾಯಿತು. ನಿಯಮಾವಳಿಯಲ್ಲಿ ನಲವತ್ತೆರಡು ನಿಯಮಗಳಿದ್ದವು. ಮಂದ ಬಣ್ಣದ ಉಡುಪು ಕಡ್ಡಾಯ. ಹೆಂಡತಿ ಅವರ ಎರಡು ಬಿಳಿ ಅಂಗಿಗಳಿಗೆ ಹಸಿರು ಬಣ್ಣ ಕಟ್ಟಿದಳು. ದುರ್ಬೀನಿಗೆ ಚೀಲ ಬೇಕು, ಹೊಲಿದಳು. ಕಾಲುಚೀಲ ಉದ್ದವಿರಬೇಕು, ಹೆಣೆದಳು. ಹೆಂಡತಿಗೆ ವಿಶ್ರಾಂತಿ ಕೊಡಿಸಲು ಟೊಂಕ ಕಟ್ಟಿದ ಗಂಡ ಮೊದಲು ಮಾಡುವುದು ಅವಳಿಗೆ ಕೆಲಸ ಹಚ್ಚುವುದನ್ನೇ.

“ರಜೆ ಯಾರಿಗೆ ರೀ?”

“ನಿನಗೇ ಕಣೇ! ನಿನಗೋಸ್ಕರ ತಾನೆ ನಾನು ಇಷ್ಟು ಒದ್ದಾಡ್ತಿರೋದು?”

ಚೀಟಿಯಲ್ಲಿ ಹೆಸರು ಬಂದು ರಹದಾರಿ ಕೈಸೇರಿದಾಗ ರಾಯರು ಕಾಗದವನ್ನು ದೀಪಕ್ಕೆ ಹಿಡಿದು ಮೊದಲು ಕಾಗುಣಿತ ನೋಡಿದರು. ಆಶ್ಚರ್ಯ, ಒಂದೂ ತಪ್ಪಿರಲಿಲ್ಲ. ಆಮೇಲೆ ಅರ್ಥ ನೋಡಿದರು.

‘ಕುಟೀರ ಸಂಖ್ಯೆ ಏಳು. ಒಂದು ರಾತ್ರಿ. ತಂಗುವವರು: ಅರ್ಜಿದಾರರ ಹೆಂಡತಿ ಹಾಗೂ ತಂಗಿ. ಮಹಿಳೆಯರು ಇಬ್ಬರು. ಪುರುಷರು ಸೊನ್ನೆ.’

ಆ ಸೊನ್ನೆ ದುಂಡಗೆ, ಮುದ್ದಾಗಿ ಅಚ್ಚಾಗಿತ್ತು. ರಾಯರು ಅದನ್ನು ಬಹಳ ಹೊತ್ತು ನೋಡಿದರು. ನಂತರ ಉದ್ಯಾನದ ಕಚೇರಿಗೆ ಫೋನು ಹಚ್ಚಿದರು.

“ಸಾರ್, ನೀವೇ ಬರೆದಿದ್ದೀರಿ,” ಎಂದ ಗುಮಾಸ್ತ. “ಓದ್ತೀನಿ ಕೇಳಿ. ಹೆಂಡತಿಯ ಜೊತೆ ತಂಗಿ ಬರುವುದು.”

“ಅದು ಆ ತಂಗಿ ಅಲ್ಲ ಕಣ್ರೀ!”

“ಮತ್ತೆ ಯಾವ ತಂಗಿ ಸಾರ್?”

“ನನಗೆ ತಂಗೀನೇ ಇಲ್ಲ!”

“ಹಾಗಾದ್ರೆ ಸುಳ್ಳು ಮಾಹಿತಿ ಆಯ್ತು ಸಾರ್. ನಿಯಮ ಮೂವತ್ತೊಂದು. ರಹದಾರಿ ರದ್ದು, ಮುಂದೆ ಐದು ವರ್ಷ ಅರ್ಜಿ ಹಾಕೋ ಹಾಗಿಲ್ಲ. ಬರ್ಕೊಳ್ಳಲಾ?”

“ಬೇಡ, ಬೇಡ! ತಡೀರಿ. ತಂಗಿ ಅಂದ್ರೆ ಕ್ರಿಯಾಪದ. ತಂಗುವುದು, ತಂಗಿ. ಉಳ್ಕೊಂಡು ಅಂತ ಅರ್ಥ.”

ಗುಮಾಸ್ತ ಸ್ವಲ್ಪ ಯೋಚಿಸಿದ. “ಸಾರ್, ನಮ್ಮ ಕುಟೀರಕ್ಕೆ ಬರೋರೆಲ್ಲ ತಂಗೋದಕ್ಕೇ ಬರ್ತಾರೆ. ಅದನ್ನ ಯಾರಾದ್ರೂ ಬೇರೆ ಬರೀತಾರಾ? ಹೆಚ್ಚುವರಿ ಪದ ಆಗಲ್ವಾ?”

ಅದು ರಾಯರದೇ ವಾದ. ಅವರದೇ ಕತ್ತರಿ. “ಹಾಗಾದ್ರೆ... ನಾನೆಲ್ಲಿ?” ಎಂದರು ಸಣ್ಣ ಧ್ವನಿಯಲ್ಲಿ.

“ನಾನೂ ಅದನ್ನೇ ಹುಡುಕ್ದೆ ಸಾರ್. ಎಲ್ಲೂ ಸಿಗಲಿಲ್ಲ. ಅಂದ ಹಾಗೆ, ನಿಮ್ಮ ಹೆಂಡತಿಗೆ ತಂಗಿ ಇದ್ದಾರಾ?”

“ಇದ್ದಾಳೆ.”

“ಮತ್ತೇನು ಸಾರ್, ಎಲ್ಲ ಸರಿಯಾಗೇ ಇದೆಯಲ್ಲ. ಕಳಿಸಿ.”

ರಾಯರು ಫೋನಿಟ್ಟು ಹೆಂಡತಿಯ ಕಡೆ ತಿರುಗಿದರು. ಅವಳು ಅಳಬೇಕು, ತಾವು ಸಮಾಧಾನ ಹೇಳಬೇಕು, ಇಬ್ಬರೂ ಸೇರಿ ಗುಮಾಸ್ತನನ್ನು ಬೈಯಬೇಕು ಎಂದು ಅವರ ಅಂದಾಜು. ಹೆಂಡತಿ ಮೆಲ್ಲಗೆ ಕೇಳಿದಳು: “ರದ್ದು ಮಾಡಿಸಿದ್ರಾ?”

ಅವಳ ಕೈ ಮೇಜಿನ ಅಂಚನ್ನು ಹಿಡಿದಿತ್ತು. ಬಿಸಿ ಉರುಳೆಗೆ ತಾಗಿ ತಾಗಿ ಆ ಬೆರಳ ತುದಿಗಳು ನಯವಾಗಿ, ಗೆರೆಯಿಲ್ಲದೆ ಹೋಗಿದ್ದವು. ಅಕ್ಷರದ ಕೊಂಬು ತಪ್ಪಿದರೆ ಮೂರು ಅಡಿ ದೂರದಿಂದ ಕಾಣುವ ಕಣ್ಣಿಗೆ ಹತ್ತೊಂಬತ್ತು ವರ್ಷ ಅದು ಕಂಡಿರಲಿಲ್ಲ.

“ಇಲ್ಲ,” ಎಂದರು ರಾಯರು. ಅವರು ಬದುಕಿನಲ್ಲಿ ಆಡಿದ ಅತ್ಯಂತ ಚಿಕ್ಕ, ಅತ್ಯಂತ ದುಬಾರಿ ವಾಕ್ಯ ಅದು.

“ಮತ್ತೆ ಅಮ್ಮನ ಹತ್ರ?”

ನಾದಿನಿ ಅಷ್ಟರಲ್ಲಿ ಚೀಲ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಅಕ್ಕ ಯಾವಾಗ ಸುದ್ದಿ ಮುಟ್ಟಿಸಿದ್ದಳೋ ದೇವರಿಗೇ ಗೊತ್ತು. “ಭಾವ ಇದ್ದಾರಲ್ಲ ಅಕ್ಕಾ. ಅಂತರ್ಗತವಾಗಿ!”

ಹೊರಡುವ ದಿನ ರಾಯರು ನಲವತ್ತೆರಡು ನಿಯಮ ಓದಿಹೇಳಿದರು, ದುರ್ಬೀನು ನಾದಿನಿಯ ಕೊರಳಿಗೆ ಹಾಕಿದರು, ಹಸಿರು ಅಂಗಿ ತಾವೇ ತೊಟ್ಟುಕೊಂಡು ಅಡುಗೆಮನೆಗೆ ಹೋದರು. ಆ ಎರಡು ದಿನದ ಚರಿತ್ರೆ ಇಲ್ಲಿ ಬೇಡ. ಹಾಲು ಉಕ್ಕಿತು, ಪಾತ್ರೆ ಸೀದಿತು, ತಾಯಿ ಅರ್ಧ ಗಂಟೆಗೊಮ್ಮೆ “ಕರಡಿ ಬಂತೇನೋ?” ಎಂದು ಕೇಳಿದರು. ಹೆಂಡತಿ ಬರುವಷ್ಟರಲ್ಲಿ ಒಂದು ಬೆಡ್‌ಶೀಟಾದರೂ ತಾವೇ ಒಗೆದಿಡಬೇಕು ಎಂದು ರಾಯರಿಗೆ ಹೊಳೆದದ್ದು ನಿಜ. ಅದರ ಜೊತೆ ನೆನೆಹಾಕಿದ ಅಂಗಿಯ ಜೇಬಿನಲ್ಲಿ ಕೆಂಪು ಪೆನ್ನಿತ್ತು.

ಹಿಂತಿರುಗಿದ ಹೆಂಡತಿ, ತಂತಿಯ ಮೇಲೆ ಹಾರಾಡುತ್ತಿದ್ದ ಕೆಂಪಾದ ಬೆಡ್‌ಶೀಟನ್ನು ನೋಡಿ ಚೀಲ ಕೆಳಗಿಟ್ಟಳು. “ಇದೇನು ರೀ, ಬೆಡ್‌ಶೀಟಿನ ಕರಡೂ ತಿದ್ದಿದೀರಾ?”

“ಅದಿರಲಿ. ಕರಡಿ ಕಂಡಿತಾ?”

“ಕುಟೀರದ ಕಿಟಕಿ ಹತ್ರಾನೇ ಬಂದಿತ್ತಂತೆ. ತಾಯಿ, ಎರಡು ಮರಿ. ಪಕ್ಕದವರು ಹೇಳಿದ್ರು.”

“ಹೇಳಿದ್ರು ಅಂದ್ರೆ? ನೀವು?”

“ಮಲಗಿದ್ವಿ.”

“ಎಬ್ಬಿಸಲಿಲ್ವಾ ಯಾರೂ?”

“ಎಬ್ಬಿಸಿದ್ರಂತೆ ಭಾವ,” ಎಂದಳು ನಾದಿನಿ. “ನಾವು ಏಳಲಿಲ್ಲ.”

ರಾಯರು ಕುರ್ಚಿಗೆ ಕುಸಿದರು. ಮೂರು ಅರ್ಜಿ, ಒಂಬತ್ತು ತಿಂಗಳು, ಕಿಟಕಿಯವರೆಗೆ ಬಂದ ಕರಡಿ!

ಹೆಂಡತಿ ತನಗೆ ತಾನೇ ಹೇಳಿಕೊಳ್ಳುವಂತೆ ಹೇಳಿದಳು: “ಬೆಡ್‌ಶೀಟಿನ ಒಂದು ಮೂಲೇಲಿ ಇಸ್ತ್ರಿ ಸರಿಯಾಗಿ ಬಿದ್ದಿರಲಿಲ್ಲ ರೀ. ನೋಡಿದೆ. ನೋಡಿ, ಹಾಗೇ ಮಲ್ಕೊಂಡೆ. ತಪ್ಪು ಕಂಡ ಮೇಲೂ ನಿದ್ದೆ ಬರುತ್ತೆ ಅಂತ ಗೊತ್ತೇ ಇರಲಿಲ್ಲ.”

ಆಮೇಲೆ ಚೀಲದಿಂದ ಒಂದು ಕಾಗದ ತೆಗೆದಳು. “ಬರುವಾಗ ಆ ಗುಮಾಸ್ತರು ಹೊಸ ಅರ್ಜಿ ಕೊಟ್ರು. ಮುಂದಿನ ವರ್ಷಕ್ಕೆ. ನಾನೇ ತುಂಬಿದೀನಿ, ತಪ್ಪಿದೆಯಾ ನೋಡಿ.”

ಭೇಟಿಯ ವಿವರದಲ್ಲಿ ದುಂಡಗೆ ಬರೆದಿತ್ತು: ‘ತಂಗಿಯ ಜೊತೆ ತಂಗಿ ಬರುವುದು. ಎರಡು ರಾತ್ರಿ.’

ರಾಯರ ಕೈ ತಾನಾಗಿ ಜೇಬಿಗೆ ಹೋಯಿತು. ಒಂದೇ ಸಾಲಿನಲ್ಲಿ ಎರಡು ತಂಗಿ! ಒಂದನ್ನು ಹೊಡೆಯಲೇಬೇಕು. ಆದರೆ ಯಾವುದನ್ನು? ಮೂರು ಸಲ ಓದಿದರು. ಒಂದು ಅಕ್ಷರ ಹೆಚ್ಚಿರಲಿಲ್ಲ, ಒಂದು ಅಕ್ಷರ ಕಡಿಮೆಯಿರಲಿಲ್ಲ. ಇಪ್ಪತ್ತಾರು ವರ್ಷಗಳಲ್ಲಿ ಮೊದಲ ಬಾರಿಗೆ ಅವರು ಒಂದು ಗೆರೆಯನ್ನೂ ಎಳೆಯದೆ ಕರಡು ಹಿಂತಿರುಗಿಸಿದರು.

ಒಳಗಿನ ಕೋಣೆಯಿಂದ ತಾಯಿಯ ಕೂಗು ಬಂತು. “ಎರಡು ರಾತ್ರಿನಾ? ಹಾಗಾದ್ರೆ ನನ್ನ ಹತ್ರ ಯಾರಿರ್ತಾರೋ?”

ರಾಯರು ಹೆಂಡತಿಯನ್ನು ನೋಡಿದರು. ನಾದಿನಿಯನ್ನು ನೋಡಿದರು. ತಂತಿಯ ಮೇಲಿನ ಕೆಂಪು ಬೆಡ್‌ಶೀಟನ್ನೂ ನೋಡಿದರು.

“ನಾನು,” ಎಂದರು.