ವಿಧಾನಸಭೆ ಕೇಳಿದ ನರ್ಸಬಾಯಿ

"ಬಾಗೇವಾಡಿ ತಾಲ್ಲೂಕಿನ ಇಂಥ ಹಳ್ಳಿಯ ದವಾಖಾನೆಯಲ್ಲಿ ನರ್ಸಬಾಯಿ ಇಲ್ಲದಿರುವುದು ನಿಜವೇ? ನಿಜವಾದರೆ ಯಾವಾಗ ನೇಮಿಸುತ್ತೀರಿ?" ಎಂದು ಬೆಂಗಳೂರಿನ ವಿಧಾನಸಭೆಯಲ್ಲಿ ಒಬ್ಬ ಶಾಸಕರು ಪ್ರಶ್ನೆ ಹಾಕಿದರು ಅಂತ ಇಟ್ಟುಕೊಳ್ಳಿ. ಆ ಪ್ರಶ್ನೆ ಬಿಜಾಪುರಕ್ಕೆ ಬಂದು, ಅಲ್ಲಿಂದ ನಮ್ಮ ತಾಲ್ಲೂಕಿನ ಮಾಮಲೇದಾರ ಕಚೇರಿಗೆ ಇಳಿದ ಕೂಡಲೇ ನಾವು ಮೊದಲು ಯಾರನ್ನು ಹುಡುಕುತ್ತಿದ್ದೆವು? ಊಹಿಸಿ ನೋಡಿರಿ. ನರ್ಸಬಾಯಿಯನ್ನು ಅಂದಿರೋ, ನೀವು ಸರ್ಕಾರಿ ನೌಕರಿ ಮಾಡಿದವರಲ್ಲ. ನಾನು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ನಾಲ್ಕೂ ಕಡೆ ಕಾರಕೂನಿಕೆ ಮಾಡಿ ನಿವೃತ್ತನಾದವನು. ಪ್ರಶ್ನೆ ಬಂದಾಗಲೆಲ್ಲ ಇಂಥದೊಂದು ಆಗಿಯೇ ಆಗುತ್ತಿತ್ತು. ಅರವತ್ತರ ದಶಕದ ಆರಂಭದ ಈ ನರ್ಸಬಾಯಿ ಪ್ರಕರಣದ ಮುಂದೆ ಮಾತ್ರ ಉಳಿದವೆಲ್ಲ ಸಪ್ಪೆ.

ಹೇಳಿದವರು ಯಾರು?

ಮಾಮಲೇದಾರರು ಪ್ರಶ್ನೆಯನ್ನು ಎರಡು ಸಲ ಓದಿದರು. ಬೆವರು ಒರೆಸಿಕೊಂಡರು.

"ನಮ್ಮ ತಾಲ್ಲೂಕಿನ ಮಾತು ಬೆಂಗಳೂರತನಕ ಹೋತಂದ್ರ ಹ್ಯಾಂಗ? ಮೊದಲ ಇದನ್ನ ಶಾಸಕರ ಕಿವ್ಯಾಗ ಊದಿದಾಂವ ಯಾವ ಮಗ, ಹುಡುಕ್ರಿ."

"ಮಗ ಅಲ್ರಿ ಸಾಹೇಬ್ರ, ಮುದುಕಿ," ಅಂದೆ ನಾನು.

ಆಕೆ ಮಸೂತಿ ಎಂಬ ಊರಿನ ಕಡೆಯ ಆ ಹಳ್ಳಿಯ ಸೂಲಗಿತ್ತಿ. ಮುಸಲ್ಮಾನರ ಓಣಿಯವಳು. ಜಾತಿ ನೋಡದೆ ಊರಿನ ಹೆರಿಗೆಗಳನ್ನೆಲ್ಲ ಮಾಡಿಸಿದ್ದಳು. ಹಿರಿಯರು ಕಿರಿಯರು ಎಲ್ಲರೂ ಆಕೆಯನ್ನು ಖಾಲಾ, ಅಂದರೆ ಚಿಗವ್ವ, ಅಂತಲೇ ಕರೆಯುತ್ತಿದ್ದರು. ಈಗ ಕಣ್ಣಿಗೆ ಪೊರೆ ಬಂದಿತ್ತು. ಊರಿಗೆ ದವಾಖಾನೆ ಕಟ್ಟಿದ್ದರೇ ಹೊರತು ಅದರೊಳಗೆ ನರ್ಸಬಾಯಿಯನ್ನು ಇಟ್ಟಿರಲಿಲ್ಲ. ಖಾಲಾನ ಮೊಮ್ಮಗಳ ಚೊಚ್ಚಲ ಹೆರಿಗೆ ಹತ್ತಿರ ಬಂದಿತ್ತು. "ನನ್ನ ಕೈಮ್ಯಾಲ ನನಗ ನಂಬಿಕಿ ಐತ್ರಿ, ಕಣ್ಣಮ್ಯಾಲ ಇಲ್ಲ," ಅಂತ ಆಕೆ ನಮ್ಮ ಕಚೇರಿಗೆ ಅಲೆದು ಅಲೆದು, ಕೊನೆಗೊಮ್ಮೆ ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತ ಕೂತಿದ್ದ ಶಾಸಕರನ್ನು ಹಿಡಿದಿದ್ದಳು.

ಮಾಮಲೇದಾರರು ಆಕೆಯನ್ನು ಕರೆಸಿದರು.

"ಏನಬೇ ಯವ್ವಾ, ಇಷ್ಟು ಸಣ್ಣ ಮಾತು ನನಗ ಹೇಳಬಾರದಿತ್ತೇನು?"

"ನಿಮಗ ಹೇಳಿ ಹೇಳಿ ಸಾಕಾಗೇ ಅವರಿಗೆ ಹೇಳೀನ್ರಿ. ಅವರು ಬೆಂಗಳೂರಿಗೆ ಹೋಗಿ ನಿಮಗ ಹೇಳ್ಯಾರ. ಸುತ್ತ ಹಾಕ್ಕೊಂಡು ಬಂದ್ರೂ ನಿಮಗ ಬಂದು ಮುಟ್ಟಿತಲ್ರಿ," ಅಂದಳು ಖಾಲಾ.

ಕಡ ತಂದ ಮರ್ಯಾದೆ

ನಿಜಸ್ಥಿತಿ ನೋಡಿಕೊಂಡು ಬರಲು ಕಂದಾಯದ ಸರ್ಕಲ್ ಸಾಹೇಬರನ್ನು ಹಳ್ಳಿಗೆ ಕಳಿಸಿದರು. ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ತಪಾಸಣೆಗೆ ಯಾರಾದರೂ ಬರುತ್ತಾರೆ ಅಂದರೆ ಊರಿನಲ್ಲಿ ಇಲ್ಲದ್ದನ್ನು ನೆರೆಯೂರಿನಿಂದ ಕಡ ತಂದು ತೋರಿಸುವುದು, ಸಾಹೇಬರು ಹೋದ ಮೇಲೆ ಕೊಟ್ಟವರಿಗೆ ಮರ್ಯಾದೆಯಿಂದ ಮುಟ್ಟಿಸುವುದು. ಸಾಲಿಯ ತಪಾಸಣೆಗೆ ಪಕ್ಕದೂರಿನ ಮಕ್ಕಳು ಬಂದು ಕೂಡುತ್ತಿದ್ದರು. ನಾನು ಸಿಂದಗಿಯಲ್ಲಿದ್ದಾಗ ದೇವಣಗಾಂವ ಕಡೆಯ ಒಂದು ಹೋರಿ ಒಂದೇ ವಾರದಲ್ಲಿ ಎಷ್ಟೋ ಊರುಗಳ ಸರ್ಕಾರಿ ಹೋರಿ ಅನ್ನಿಸಿಕೊಂಡಿತ್ತು. ಆ ಹೋರಿಗೂ ರೂಢಿಯಾಗಿ, ಸಾಹೇಬರ ಜೀಪು ಕಂಡರೆ ತಾನೇ ಬಂದು ಅಡ್ಡ ನಿಲ್ಲುತ್ತಿತ್ತು.

ಈ ಊರಿನ ಗೌಡರು ಅದೇ ಪದ್ಧತಿಯಲ್ಲಿ ವಿಚಾರ ಮಾಡಿದರು. ಮಕ್ಕಳು ಕಡಿಮೆ ಇದ್ದರೆ ಸಾಲಿ ಮುಚ್ಚುತ್ತಾರೆ, ಹಾಗಾದರೆ ನರ್ಸಬಾಯಿ ಇಲ್ಲದಿದ್ದರೆ ದವಾಖಾನೆಯನ್ನೂ ಮುಚ್ಚುತ್ತಾರೆ ಅಂದುಕೊಂಡರು. ಗೌಡ್ತಿಯ ತವರಿನ ಕಡೆಯ ಒಬ್ಬ ಹೆಣ್ಣುಮಗಳು ಇಂಡಿ ಸೀಮೆಯಲ್ಲಿ ನರ್ಸು ಆಗಿದ್ದಳು. ರಜೆ ಹಾಕಿಸಿ ಬಂಡಿ ಕಳಿಸಿ ಕರೆತಂದರು. ಸರ್ಕಲ್ ಸಾಹೇಬರು ಹೋಗಿ ನೋಡುತ್ತಾರೆ, ಬಿಳಿ ಸೀರೆ ಉಟ್ಟ ನರ್ಸಬಾಯಿ ದವಾಖಾನೆಯಲ್ಲಿ ಕೂತಿದ್ದಾಳೆ.

ಇದೆಲ್ಲ ಸುಳ್ಳು ಅಂತ ಹೇಳಬಹುದಾಗಿದ್ದ ಖಾಲಾ ಅಂದು ಊರಿನಲ್ಲೇ ಇರಲಿಲ್ಲ. ಮೊಮ್ಮಗಳನ್ನು ಬಾಣಂತನಕ್ಕೆ ಕರೆತರಲು ಬೀಗರ ಊರಿಗೆ ಹೋಗಿದ್ದಳು.

ಸರ್ಕಲ್ ಸಾಹೇಬರು ಗೊಂದಲದಲ್ಲಿ ಗೌಡರನ್ನು ಕೇಳಿದರು, "ಇವರು ಇಲ್ಲೇ ಇರತಾರೇನ್ರಿ?"

"ಇಲ್ಲೇ ಅದಾರಲ್ರಿ, ಕಣ್ಣಿಗೆ ಕಾಣವಲ್ಲರೇನು?" ಅಂದರು ಗೌಡರು.

ಕಣ್ಣಿಗೆ ಕಂಡದ್ದನ್ನು ಇಲ್ಲ ಅನ್ನುವುದು ಹೇಗೆ? "ನರ್ಸಬಾಯಿ ಇರುತ್ತಾರೆ" ಎಂದು ವರದಿ ಬಂತು. ಅಂದು ಸಂಜೆಗೆ ಉಡಿ ತುಂಬಿಸಿಕೊಂಡು ನರ್ಸಬಾಯಿ ವಾಪಸು ಹೋದಳು. ಊರಿನ ಮಾನ ಉಳಿಸಿದೆ ಅಂತ ಗೌಡರು ಮೀಸೆ ತಿರುವಿದರು. ಉಳಿಸಿದ್ದು ಯಾರ ಮಾನ ಅಂತ ಅವರಿಗೆ ಗೊತ್ತಿರಲಿಲ್ಲ. ಅದು ನಮ್ಮ ಕಚೇರಿಯದು.

ಉದ್ಭವಿಸುವುದಿಲ್ಲ

ಮುಂದಿನದನ್ನು ಶಾಸಕರೇ ನನಗೆ ಬಿಜಾಪುರದ ಬಸ್ಸಿನಲ್ಲಿ ಹೇಳಿದರು. ವಿರೋಧ ಪಕ್ಷದವರು, ಗಟ್ಟಿ ದನಿಯ ಮನುಷ್ಯ. ಆವತ್ತು ಮಾತ್ರ ದನಿ ಇಳಿದಿತ್ತು.

"ಮಂತ್ರಿಗಳು ಎದ್ದು ನಿಂತು ಓದಿದ್ರು ನೋಡ್ರಿ. ಮೊದಲನೇ ಭಾಗಕ್ಕೆ ಉತ್ತರ, ನಿಜವಲ್ಲ, ನರ್ಸು ಇದ್ದಾರೆ. ಎರಡನೇದಕ್ಕ, ಪ್ರಶ್ನೆಯೇ ಉದ್ಭವಿಸುವುದಿಲ್ಲ. ಆ ಮುದುಕಿ ಸುಳ್ಳು ಹೇಳಾಕಿ ಅಲ್ಲ. ಸರ್ಕಾರ ಸದನದಾಗ ನಿಂತು ಸುಳ್ಳು ಹೇಳಾಂಗಿಲ್ಲ. ನನಗ ತಲಿ ಗಿಮ್ಮ ಅಂತು. ಹಂಗಾರ ಆ ನರ್ಸಬಾಯಿ ಹೆಸರೇನು ಅಂತ ಉಪಪ್ರಶ್ನಿ ಕೇಳಿಬಿಟ್ಟೆ. ಎಲ್ಲಾರೂ ಮೇಜು ಕುಟ್ಟಿದ್ರು. ಬಾಳ ಶಾಣ್ಯಾ ಪ್ರಶ್ನಿ ಅಂದ್ರು. ಶಾಣ್ಯಾತನ ಅಲ್ರಿ, ನಾ ಖರೇನ ತಿಳೀದ ಕೇಳಿದ್ದು."

ಮಂತ್ರಿಗಳಿಗೂ ಹೆಸರು ಗೊತ್ತಿರಲಿಲ್ಲ. ಮಾಹಿತಿ ತರಿಸಿ ಸದನಕ್ಕೆ ಒದಗಿಸುತ್ತೇವೆ ಅಂದರಂತೆ.

ಶಾಸಕರು ಬಾಗೇವಾಡಿಯಲ್ಲಿ ಬಸ್ಸು ಇಳಿಯುವುದಕ್ಕೇ ಖಾಲಾ ಕಾಯುತ್ತಿದ್ದಳು. ಶಾಸಕರು ಇದ್ದದ್ದು ಇದ್ದಂತೆ ಹೇಳಿದರು. ಆಕೆ ಕೈಯನ್ನು ಕಿವಿಗೆ ಹಚ್ಚಿ ಕೇಳಿದಳು.

"ಉದ್ಭವಿಸೂದಿಲ್ಲ ಅಂದ್ರ ಏನಪಾ ತಮ್ಮಾ?"

"ಹುಟ್ಟೂದಿಲ್ಲ ಅಂದಂಗ, ಖಾಲಾ."

"ಅದನ್ನ ನನ್ನ ಮೊಮ್ಮಗಳ ಹೊಟ್ಟ್ಯಾಗ ಇದ್ದದ್ದಕ್ಕ ಹೋಗಿ ಹೇಳು. ಅದು ಮಂತ್ರಿ ಮಾತು ಕೇಳಾಂಗ ಕಾಣೂದಿಲ್ಲ."

ಹೆಸರಿಗೊಬ್ಬ ನರ್ಸಬಾಯಿ

ಉಪಪ್ರಶ್ನೆ ನಮ್ಮ ಕಚೇರಿಗೆ ಬಂದ ದಿನ ಯಾರೂ ಊಟಕ್ಕೆ ಹೋಗಲಿಲ್ಲ. ಸರ್ಕಲ್ ಸಾಹೇಬರು ಮತ್ತೆ ಹಳ್ಳಿಗೆ ಓಡಿದರು. ದವಾಖಾನೆಯಲ್ಲಿ ಒಂದು ಮೇಕೆ ಮಲಗಿತ್ತು. ಸಾಹೇಬರು ಹೇಳದೆ ಕೇಳದೆ ಬಂದದ್ದು ಸರಿಯಲ್ಲ ಅಂತ ಗೌಡರೇ ಆಕ್ಷೇಪಣೆ ಮಾಡಿದರಂತೆ, "ಮುಂಚೆ ತಿಳಿಸಿದ್ರ ತರಿಸಿ ಇಡ್ತಿದ್ದಿವಲ್ರಿ."

ಮಾಮಲೇದಾರರು ತಲೆಯ ಮೇಲೆ ಕೈ ಹೊತ್ತು ಕೂತರು. ನರ್ಸಬಾಯಿ ಇಲ್ಲ ಅಂತ ಬರೆದರೆ ಮಂತ್ರಿಗಳು ಸದನಕ್ಕೆ ತಪ್ಪು ಹೇಳಿದಂತಾಗುತ್ತದೆ. ಮಂತ್ರಿಗಳು ತಿರುಗಿ ಬಿಜಾಪುರದ ಕಡೆ ನೋಡುತ್ತಾರೆ, ಬಿಜಾಪುರ ನಮ್ಮ ಕಡೆ ನೋಡುತ್ತದೆ.

"ಏನಾರ ಒಂದು ಹೆಸರು ಬರದು ಕಳಸ್ರಿ," ಅಂದರು.

"ಬರೀತೇನ್ರಿ. ಆದ್ರ ಶಾಸಕರು ಆ ಹೆಸರು ಹಿಡಕೊಂಡು ಊರಿಗೆ ಹೋಗಿ ಕೂಗಿದ್ರ, ಓ ಅನ್ನಾಕ ಯಾರಾರ ಬೇಕಲ್ರಿ?" ಅಂದೆ.

ಉಳಿದದ್ದು ಒಂದೇ ದಾರಿ. ಹೇಳಿದ ಸುಳ್ಳನ್ನು ಖರೆ ಮಾಡುವುದು. ಮಾಮಲೇದಾರರು ಜಿಲ್ಲೆಯ ಆರೋಗ್ಯಾಧಿಕಾರಿಗಳ ಮುಂದೆ ಹೋಗಿ ನಿಂತರು. ಅವರಿಗೂ ಅದೇ ಹೆದರಿಕೆ ಹತ್ತಿತ್ತು. ಒಬ್ಬ ನರ್ಸಬಾಯಿಗೆ ಆದೇಶ ಕೊಟ್ಟು, ಟ್ರಂಕಿನ ಸಮೇತ ಒಂದು ಭಾನುವಾರ ಹಳ್ಳಿಗೆ ಕಳಿಸಿಯೇಬಿಟ್ಟರು. ಖಾಲಾ ವರ್ಷಾನುಗಟ್ಟಲೆ ಖರೆ ಹೇಳಿ ಆಗದ ಕೆಲಸ, ಸರ್ಕಾರ ಒಂದು ಸುಳ್ಳು ಹೇಳಿದ್ದಕ್ಕೆ ವಾರದೊಳಗೆ ಆಯಿತು.

ವಾಪಸಾತಿ

ಮರುದಿನ ಮುಂಜಾನೆ ಮಾಮಲೇದಾರರೂ ನಾನೂ ಜೀಪಿನಲ್ಲಿ ಹೋದೆವು. ನರ್ಸಬಾಯಿ ದವಾಖಾನೆಯ ಕಸ ಗುಡಿಸುತ್ತಿದ್ದಳು. ಹೆಸರು ಬರೆದುಕೊಂಡೆವು. ಗೌಡರು ಕೈ ಜೋಡಿಸಿ, "ಈ ಸಲ ನಮಗ ತ್ರಾಸ ಕೊಡದ ನೀವ ತರಿಸಿದ್ರಿ, ಬಾಳ ಉಪಕಾರಾತ್ರಿ," ಅಂದರು. ಹಾಗೆ ಯಾಕೆ ಅಂದರೋ ನಮಗೆ ತಿಳಿಯಲಿಲ್ಲ. ಮಾಮಲೇದಾರರು ಸುಮ್ಮನೆ ತಲೆಯಾಡಿಸಿದರು.

ಊರು ದಾಟುತ್ತಿದ್ದಂತೆ ಜೀಪು ಎರಿಮಣ್ಣಿನ ಕೆಸರಿನಲ್ಲಿ ಹೂತಿತು. ಡ್ರೈವರ್ ಚಕ್ರದ ಕೆಳಗೆ ಕಲ್ಲು ಹಾಕುತ್ತಿದ್ದ. ನಾವು ಬದುವಿನ ಮೇಲೆ ನಿಂತಿದ್ದೆವು. ಆಗ ಊರ ಕಡೆಯಿಂದ ಒಂದು ಬಂಡಿ ಬಂತು. ಬಂಡಿಯಲ್ಲಿ ನರ್ಸಬಾಯಿ, ಪಕ್ಕದಲ್ಲಿ ಟ್ರಂಕು, ಉಡಿಯಲ್ಲಿ ತೆಂಗಿನಕಾಯಿ. ಆಕೆ ಅಳುವುದೊಂದು ಬಾಕಿ. ಬಂಡಿಗೆ ಎತ್ತು ಇಲ್ಲ. ನೊಗದ ಒಂದು ಕಡೆ ಗೌಡರು, ಇನ್ನೊಂದು ಕಡೆ ಪಂಚಾಯ್ತಿ ಚೇರ್ಮನ್ನರು ಹೆಗಲು ಕೊಟ್ಟು ಎಳೆಯುತ್ತಿದ್ದರು.

"ಗೌಡ್ರ, ಇದೇನ್ರಿ?" ಅಂದರು ಮಾಮಲೇದಾರರು.

"ನೀವು ನೋಡ್ಕೊಂಡು ಹೋದ್ರಲ್ರಿ. ತಂದದ್ದು ಲಗೂ ಮುಟ್ಟಿಸಿದ್ರ ಮುಂದಿನ ಸಲ ಕೇಳಾಕ ಬಾಯಿ ಇರ್ತದ. ಇವತ್ತ ಸೋಮವಾರ, ಬಸವಣ್ಣನ ವಾರ, ಎತ್ತಿನ ಹೆಗಲಮ್ಯಾಲ ನೊಗ ಇಡಾಂಗಿಲ್ಲ. ಅದಕ್ಕ ನಾವ ಎಳಿಯಾಕತ್ತೇವ್ರಿ."

"ನಾ ಎಷ್ಟು ಹೇಳಿದ್ರೂ ಕೇಳವಲ್ಲರು ಸಾಹೇಬ್ರ," ಅಂದಳು ನರ್ಸಬಾಯಿ. "ಆರ್ಡರ್ ತೋರಿಸಿದ್ರ, ಸಾಹೇಬ್ರು ಹೋದ್ರು, ಇನ್ನ ತೋರಸಬ್ಯಾಡ್ರಿ ಅಂತಾರ."

ಮಾಮಲೇದಾರರು ಬಾಯಿ ತೆರೆಯುವುದರೊಳಗೆ ಹಿಂದಿನಿಂದ ಖಾಲಾ ಬಂದಳು. ಒಂದು ಕೈ ಮೊಮ್ಮಗಳ ಗಂಡನ ಹೆಗಲ ಮೇಲೆ, ಇನ್ನೊಂದು ಕೈಯಲ್ಲಿ ಕೋಲು. ಮುಂಜಾನೆಯಿಂದ ಮೊಮ್ಮಗಳಿಗೆ ಹೆರಿಗೆಯ ಬ್ಯಾನಿ ಎದ್ದಿತ್ತು. ನರ್ಸಬಾಯಿಯನ್ನು ಕರೆಯಲು ದವಾಖಾನೆಗೆ ಹೋದರೆ ಬಾಗಿಲಿಗೆ ಕೀಲಿ. ಖಾಲಾ ತಡಕಾಡುತ್ತ ಬಂದು ನೊಗ ಹಿಡಿದಳು.

"ಯಾವ ಎತ್ತಪಾ ಇದು, ಇಷ್ಟು ತೇಕಾಕತ್ತೈತಿ?"

"ನಾ, ಖಾಲಾ. ಗೌಡ."

"ನೀ ಹುಟ್ಟುವಾಗೂ ಅಡ್ಡಾನ ಬಂದಿದ್ದಿ, ಈಗೂ ಅಡ್ಡಾನ ನಿಂತಿ. ಪ್ರಶ್ನಿ ಹಾಕಿಸಿದಾಕಿ ನಾ. ಬೆಂಗಳೂರಿಂದ ಉತ್ತರ ನನ್ನ ಹೆಸರಿಗೆ ಬಂದೈತಿ. ಅದನ್ನ ಬಂಡ್ಯಾಗ ಹೇರಿಕೊಂಡು ಎಲ್ಲಿಗೆ ಒಯ್ಯಾಕತ್ತಿ? ತಿರುವು."

ಬಂಡಿ ತಿರುಗಿತು. ಕೆಸರಿನಲ್ಲಿ ಇಬ್ಬರಿಂದ ಆಗಲಿಲ್ಲ. ಹಿಂದಿನಿಂದ ನಾನು ನೂಕಿದೆ, ಷರಾಯಿ ಮೇಲೆತ್ತಿಕೊಂಡು ಮಾಮಲೇದಾರರೂ ನೂಕಿದರು. ಮಧ್ಯಾಹ್ನ ಗಂಡು ಕೂಸು ಹುಟ್ಟಿತು. ನರ್ಸಬಾಯಿಯ ಕಣ್ಣು, ಖಾಲಾನ ಕೈ, ತಾಯಿ ಮಗು ಆರಾಮ. ಗೌಡರು ಹೊರಗೆ ಕಟ್ಟೆಯ ಮೇಲೆ ಕೂತು ಹೆಗಲಿಗೆ ಎಣ್ಣೆ ಹಚ್ಚಿಸಿಕೊಳ್ಳುತ್ತ, "ಹಂಗಾರ ಈಕಿನ್ನ ಯಾರಿಗೂ ಹೊಳ್ಳಿ ಕೊಡೂದಿಲ್ಲೇನು?" ಅಂತ ಬಂದವರನ್ನೆಲ್ಲ ಕೇಳುತ್ತಿದ್ದರು.

ಮುಂದಿನ ಅಧಿವೇಶನದಲ್ಲಿ ಶಾಸಕರು ಮತ್ತೊಂದು ಪ್ರಶ್ನೆ ಹಾಕಿದರು, ನರ್ಸಬಾಯಿ ಎಂದಿನಿಂದ ಅಲ್ಲಿದ್ದಾರೆ? ಖರೆ ತಾರೀಖು ಬರೆದರೆ ಸದನದಲ್ಲಿ ಮೊದಲು ಹೇಳಿದ್ದು ಸುಳ್ಳಾಗುತ್ತಿತ್ತು. ಮಾಮಲೇದಾರರು ಪೆನ್ನು ಕೆಳಗಿಟ್ಟು, ನನ್ನನ್ನು ಖಾಲಾನ ಹತ್ತಿರ ಕಳಿಸಿದರು. ಆಕೆ ಮರಿಮಗನನ್ನು ತೊಡೆಯ ಮೇಲೆ ಹಾಕಿಕೊಂಡು ನೀರೆರೆಯುತ್ತಿದ್ದಳು. ತಲೆಯೆತ್ತದೆಯೇ ಹೇಳಿದಳು:

"ಶ್ರಾವಣದ ಮೊದಲನೇ ಸೋಮವಾರ. ಗೌಡ ನೊಗ ಹೊತ್ತ ದಿನ ಅಂತ ಬರಕೋ."