ಟೀವಿಯಲ್ಲಿ ಬೀಗರ ಮನೆತನ ವಿಚಾರಿಸಿದ್ದು

ಹಾಲೆಂಡಿಗೆ ಒಮ್ಮೆಯೂ ಕಾಲಿಡದೆ, ಲಂಡನ್ನಿನ ಹ್ಯಾರೋದ ನಮ್ಮ ಸೋಫಾದಲ್ಲಿ ಕೂತೇ ಡಚ್ಚರ ಜಾತಕವನ್ನೆಲ್ಲ ಅರೆದು ಕುಡಿದವರು ಯಾರಾದರೂ ಇದ್ದರೆ ಅದು ನಮ್ಮತ್ತೆ, ನನ್ನ ಗಂಡನ ತಾಯಿ! ಬೇಕಿದ್ದರೆ ಪರೀಕ್ಷೆ ಮಾಡಿ ನೋಡಿ.

ಆದದ್ದಿಷ್ಟೆ. ರಾಟರ್‌ಡ್ಯಾಮಿನಲ್ಲಿ ಕೆಲಸದಲ್ಲಿರುವ ನನ್ನ ನಾದಿನಿ ಅಲ್ಲಿಯ ಹುಡುಗನನ್ನೇ ಮದುವೆಯಾಗುತ್ತೇನೆಂದಳು. "ಆದ್ರ ಅವ್ವಾ, ನೀ ಹೂಂ ಅಂದ್ರಷ್ಟ" ಎಂದಳು. ಧಾರವಾಡದ ಹುಡುಗನಾಗಿದ್ದರೆ ಅತ್ತೆ ನಾಲ್ಕು ಫೋನ್ ಮಾಡಿ, ಅವನ ಮುತ್ತಜ್ಜ ಯಾರ ಜೊತೆ ಜಗಳಾಡಿದ್ದ ಎಂಬುದನ್ನೂ ಪತ್ತೆ ಹಚ್ಚುತ್ತಿದ್ದರು. ಡಚ್ಚರ ಮನೆತನವನ್ನು ಯಾರ ಹತ್ತಿರ ವಿಚಾರಿಸುವುದು? ಟೀವಿಯ ಹತ್ತಿರ! ರಿಟೈರಾದ ಟೀಚರಲ್ಲವೆ? ಕೆಳಗೆ ಬರುವ ಇಂಗ್ಲಿಷ್ ಸಾಲುಗಳನ್ನು ಓದುತ್ತ, ನೋಟ್‌ಬುಕ್ ಹಿಡಿದು ಕೂತೇಬಿಟ್ಟರು.

ಮೊದಲು ಡಚ್ ಪತ್ತೇದಾರಿ ಸೀರಿಯಲ್ಲುಗಳು. ಮೂರನೆಯ ದಿನವೇ ಮಗಳಿಗೆ ಫೋನು.

"ಎಂಟು ಕಂತಿನ್ಯಾಗ ಹನ್ನೊಂದು ಹೆಣ ಬಿದ್ವು, ಎಲ್ಲಾ ಕಾಲುವಿ ನೀರಾಗ! ನಿನ್ನ ಹುಡುಗನ ಮನಿ ಎಲ್ಲೈತಿ?"

"ಕಾಲುವಿ ದಂಡಿಗೇ, ಅವ್ವಾ."

ಅತ್ತೆ ಫೋನಿಟ್ಟು ಎರಡು ಲೋಟ ನೀರು ಕುಡಿದರು.

ಆಮೇಲೆ ಬಂತು, ಅಪ್ಪನ ಹೋಟೆಲಿಗಾಗಿ ಮೂವರು ಮಕ್ಕಳು ಕೋರ್ಟು ಹತ್ತುವ ಕಥೆ. ಇನ್ನಷ್ಟು ಹೆದರುತ್ತಾರೆಂದುಕೊಂಡರೆ ಮುಖ ಅರಳಿತು! "ಅಪ್ಪ ಇನ್ನೂ ಗಟ್ಟಿಮುಟ್ಟಾಗಿ ಅದಾನ, ಆಗ್ಲೇ ಪಾಲು ಕೇಳಾಕತ್ತಾರ. ನಮ್ಮ ಮಂದೀನ ಬಿಡು!"

ಎಡವಟ್ಟಾದದ್ದು ಒಬ್ಬರ ಮನೆಗೊಬ್ಬರು ಹೋಗಿ ಅತಿಥಿಸತ್ಕಾರಕ್ಕೆ ಅಂಕ ಕೊಡುವ ಷೋನಲ್ಲಿ. ಮನೆಯಾಕೆ ಕಾಫಿ ಕೊಟ್ಟಳು, ತಲೆಗೊಂದು ಬಿಸ್ಕತ್ತು ಕೊಟ್ಟಳು, ಡಬ್ಬಿಯ ಮುಚ್ಚಳ ಹಾಕಿಬಿಟ್ಟಳು.

"ಅದು ಅವರ ಪದ್ಧತಿ, ಅವ್ವಾ" ಎಂದ ನನ್ನ ಗಂಡ.

"ಮಂದಿ ಎದುರಿಗೇ ಮುಚ್ಚಳ ಹಾಕೂದು ಪದ್ಧತಿ ಏನೋ?"

ನೋಟ್‌ಬುಕ್ಕಿನ ಆ ಪುಟಕ್ಕೆ ಕೆಂಪು ಗೆರೆ ಬಿತ್ತು. ನಾದಿನಿ ಫೋನಿನಲ್ಲಿ ಅತ್ತಳು.

ಕಾಪಾಡಿದ್ದು ರೈತರು! ಹಳ್ಳಿಯ ರೈತರು ಹೆಂಡತಿ ಹುಡುಕುವ ಷೋ ಅದು. ಒಬ್ಬ, ತಾನೇ ಒಲ್ಲೆನೆಂದ ಹೆಣ್ಣನ್ನು ಕಾರಿನವರೆಗೆ ಬಿಟ್ಟುಬಂದು ಗೊಳೋ ಎಂದು ಅತ್ತ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. "ಮಾರಿ ನೋಡಿ ಹೇಳಿದ್ನಲ್ಲ! ನಮ್ಮ ಕಡೆ ಊರಿಗೆ ಹೋಗಿ ತಿಳಸ್ತೇವಿ ಅಂತಾರ, ತಿಳಸೂದ ಇಲ್ಲ. ಕರ್ಕೊಂಡು ಬಾ ಅಂತ ಹೇಳು, ನೋಡೂಣು."

ಭಾನುವಾರ ನಾದಿನಿಯ ಜೊತೆ ಹುಡುಗ ಬಂದ. ಸೋಫಾದ ತುದಿಯಲ್ಲಿ ಮೊಣಕಾಲ ಮೇಲೆ ಕೈಯಿಟ್ಟು ಕೂತ. ಅತ್ತೆ ಕನ್ನಡಕ ಏರಿಸಿ, ತಮಗೆ ಬರುವ ಒಂದೇ ಒಂದು ಡಚ್ ವಾಕ್ಯವನ್ನು ಪ್ರಯೋಗಿಸಿದರು. ಅದು ಟೀವಿ ಪೊಲೀಸರು ಕೊಲೆಗಾರರಿಗೆ ಹಾಕುವ ಪ್ರಶ್ನೆ: ನಿನ್ನೆ ರಾತ್ರಿ ಎಲ್ಲಿದ್ದೆ?

"ಅವ್ವಾ!" ಎಂದು ಕಿರುಚಿದಳು ನಾದಿನಿ. ನನ್ನ ಗಂಡ ನಗು ತಡೆಯಲಾರದೆ ಅಡುಗೆಮನೆಗೆ ಓಡಿದ.

ಹುಡುಗ ಮಾತ್ರ ನಗಲಿಲ್ಲ. ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದ: "ಇಲ್ಲೇ ಹತ್ತಿರದ ಹೋಟೆಲಿನಲ್ಲಿದ್ದೆ. ಬೆಳಗಿನವರೆಗೂ ನಿದ್ದೆ ಬರಲಿಲ್ಲ. ನೀವು ಬೇಡ ಅಂದರೆ ಇವಳು ನನ್ನನ್ನು ಬಿಟ್ಟುಬಿಡುತ್ತಾಳೆ. ಆಮೇಲೆ ಏನು ಮಾಡೋದು ಅಂತ ನನಗೆ ಗೊತ್ತಿಲ್ಲ."

ಅತ್ತೆ ಕನ್ನಡಕ ತೆಗೆದರು.

"ನನಗೂ ನಿದ್ದಿ ಹತ್ತಿಲ್ಲಪ್ಪಾ" ಎಂದರು, ಕನ್ನಡದಲ್ಲೇ. "ಇಕಿ ಅಪ್ಪ ಇಲ್ಲ. ನಾ ಒಬ್ಬಾಕೀನ ಹೆಂಗ ಹೂಂ ಅನ್ನಲಿ ಅಂತ ಅಂಜಿಕಿ ಆಗಿತ್ತು." ಎದ್ದು ಹೋಗಿ ಅವನ ತಲೆಯ ಮೇಲೆ ಕೈಯಿಟ್ಟರು.

ಅವನು ಅರ್ಥವಾಗದೆ ನಾದಿನಿಯ ಮುಖ ನೋಡಿದ. ಅವಳು ಬಿಕ್ಕುತ್ತಿದ್ದಳು. ಅನುವಾದ ಮಾಡುವ ಕೆಲಸ ನನ್ನ ಪಾಲಿಗೆ ಬಂತು.

"ಹೂಂ ಅಂದಿದ್ದಾರೆ" ಎಂದಷ್ಟೇ ಹೇಳಿದೆ.