ಆಮೆಮರಿಯ ತೂಕದ ದಿನ

ತೂಕದ ದಿನ ಬಂತು. ದರ್ಜಿಯಣ್ಣ ಬೆಳಗಿನಿಂದಲೇ ಆಮೆಮರಿಯನ್ನು ಉಪವಾಸ ಕೆಡವಿದ.

ನೆಲ ತೋಡಿ ಬಿಲದಲ್ಲಿ ಬಾಳುವ ಆ ಆಮೆಗಳ ಸಂತತಿ ಬೆರಳೆಣಿಕೆಗೆ ಇಳಿದಿತ್ತು. ಮರಿಗಳ ಚಿಪ್ಪು ಗಟ್ಟಿಯಾಗುವ ಮೊದಲೇ ಕಾಗೆಗಳು ಕುಕ್ಕಿ ಮುಗಿಸುತ್ತಿದ್ದವು. ಅದಕ್ಕೇ ಆಮೆ ಕೇಂದ್ರದವರು ಮರಿಗಳನ್ನು ಮನೆಮನೆಗೆ ಸಾಕಲು ಕೊಟ್ಟಿದ್ದರು. ತೂಕ ತುಂಬಿದ ಮೇಲೆ ಬಯಲಿಗೆ ಬಿಡುವುದು ಕರಾರು. ಹೆಂಡತಿ ತೀರಿಕೊಂಡ ಮೇಲೆ ದರ್ಜಿಯಣ್ಣನ ಮಾತು ಕೇಳಲು ಉಳಿದಿದ್ದ ಜೀವ ಆ ಮರಿಯೊಂದೇ. ಅದನ್ನು ಬಿಟ್ಟುಕೊಡಲು ಅವನಿಗೆ ಸುತರಾಂ ಮನಸ್ಸಿರಲಿಲ್ಲ.

"ಅಣ್ಣಾ, ಇವತ್ತು ಮರೀನ ಕುಡಿಯೋಕೆ ತಟ್ಟೆ ನೀರಿಗೆ ಬಿಟ್ಟಿಲ್ವಾ?" ಕಾಂಪೌಂಡಿನ ಮೇಲೆ ಪಕ್ಕದ ಮನೆಯ ಟೀಚರಮ್ಮನ ತಲೆ ಕಾಣಿಸಿತು. ಊರ ಉಸಾಬರಿಯೆಲ್ಲ ಆಕೆಯದೇ.

"ನೆಗಡಿ ಆಗಿದೆ."

"ಆಮೆಗಾ?"

"ನಂಗೆ."

ಟೀಚರಮ್ಮ ಮರಿಗೆಂದು ಒಂದು ಹಿಡಿ ಸೊಪ್ಪು ಎಸೆದರು. ದರ್ಜಿಯಣ್ಣ ಸೊಪ್ಪನ್ನು ಜೇಬಿಗೆ ತುರುಕಿ, ಮರಿಯನ್ನು ಅಂಗಡಿಯ ಕೋಣೆಗೆ ಸಾಗಿಸಿದ. ಅಲ್ಲಿ ಅದು ಹುಟ್ಟುಗುಣ ಬಿಡದೆ ಹೊಲಿದಿಟ್ಟ ಬಟ್ಟೆಗಳ ರಾಶಿಯನ್ನೇ ತೋಡಿ ಒಳಸೇರಿತು.

ವಕೀಲರು ಬಂದು ರಾಶಿಯಿಂದ ತಮ್ಮ ಬಿಳಿ ಪ್ಯಾಂಟನ್ನು ಎಳೆದರು. ಜೊತೆಗೆ ಮರಿಯೂ ಬಂತು. ಹೆದರಿದ ಮರಿ ಒಡಲಲ್ಲಿ ಕೂಡಿಟ್ಟಿದ್ದ ನೀರನ್ನೆಲ್ಲ ಪ್ಯಾಂಟಿನ ಮೇಲೇ ಬಿಟ್ಟಿತು.

"ನಾನು ಹೊಲಿಯೋಕೆ ಕೊಟ್ಟಿದ್ದು ಕಣಪ್ಪಾ," ಎಂದರು ವಕೀಲರು ಗಂಭೀರವಾಗಿ.

ಅವರು ಪ್ಯಾಂಟು ಒದರುತ್ತಿರುವಾಗಲೇ ಆಮೆ ಕೇಂದ್ರದ ಮೇಡಂ ತಕ್ಕಡಿ ಹಿಡಿದು ಬಂದರು. ಬೆನ್ನಿಗೇ ಟೀಚರಮ್ಮ. ತೂಗಿದರೆ ಮರಿ ಹೋದ ತಿಂಗಳಿಗಿಂತ ಹಗುರ. ದರ್ಜಿಯಣ್ಣ ಮುಖ ಸಣ್ಣ ಮಾಡಿಕೊಂಡು ನಿಂತ. ಒಳಗೆ ಮಾತ್ರ ಸ್ವರ್ಗಕ್ಕೆ ಮೂರೇ ಗೇಣು.

"ಬಯಲಲ್ಲಿ ಕಾಗೆ ಕಾಟ ಇನ್ನೂ ನಿಂತಿಲ್ಲ," ಎಂದರು ಮೇಡಂ. "ಈ ವರ್ಷ ಯಾವ ಮರೀನೂ ಬಿಡಲ್ಲ. ಇನ್ನೊಂದು ವರ್ಷ ನಿಮ್ಮ ಹತ್ರಾನೇ ಇರಲಿ ಅಂತ ಹೇಳೋಕೇ ಬಂದಿದ್ದೆ. ಆದ್ರೆ ಇದು ಸೊರಗಿ ಹೋಗಿದೆ. ನಿಮ್ಮ ಕೈಲಿ ಆಗಲ್ಲ ಅನ್ಸುತ್ತೆ. ಟೀಚರಮ್ಮ, ನೀವು ಸಾಕ್ತೀರಾ?"

ಟೀಚರಮ್ಮ ಆಗಲೇ ಎರಡೂ ಕೈ ಚಾಚಿದ್ದರು.

ದರ್ಜಿಯಣ್ಣ ಇಕ್ಕಟ್ಟಿಗೆ ಸಿಕ್ಕಿದ. ಬೇಕೆಂದೇ ಹೊಟ್ಟೆಗೆ ಹಾಕಲಿಲ್ಲ ಎಂದರೆ ಕಟುಕನಾಗುತ್ತಾನೆ. ಹಾಕಿದೆ ಎಂದರೆ ಕೈಲಾಗದವನು. ಟೀಚರಮ್ಮನ ಅಂಗೈಯಲ್ಲಿ ಮರಿ ಕತ್ತು ಒಳಗೆಳೆದುಕೊಂಡು ಕೂತಿತ್ತು. ಅವನಿಗೆ ಅಳುವೇ ಬಂತು.

"ದಿನಾ ಬೆಳಿಗ್ಗೆ ತಪ್ಪದೆ ನೀರಿಗೆ ಬಿಡಿ," ಎಂದ ಕೊನೆಗೆ. "ಒಂದು ದಿನ ಬಿಡದಿದ್ರೂ ತೂಕ ಇಳಿಯುತ್ತೆ."

ತಕ್ಕಡಿ ಎತ್ತಿಡುತ್ತಿದ್ದ ಮೇಡಂ ಅವನ ಮುಖ ನೋಡಿದರು.

"ಇಷ್ಟು ಗೊತ್ತಿದ್ದೂ ಹೀಗೆ ಮಾಡಿದ್ರಾ?"